ದಿನಾ ನನ್ನ ಮುಖ ಬಿಡಿಸುತ್ತೇನೆ, ಬಾಯಿ ಮಾತ್ರ ನೇರ ಮಾಡಿಬಿಡುತ್ತೇನೆ

ಓರೆನಗು:

ನಮಸ್ಕಾರ. ಬಹಳ ದಿನದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುವವಳು ನಾನು. ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ನನಗೆ 43 ವರ್ಷ. ಗಣಿತ ಪಾಠ ಮಾಡುತ್ತೇನೆ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುತ್ತಿದ್ದಾಗ ನೀರು ಎಡಗಡೆಯಿಂದ ತಾನಾಗಿಯೇ ಸೋರಿಹೋಯಿತು. ತಲೆ ಎತ್ತಿ ಕನ್ನಡಿ ನೋಡಿದರೆ ಮುಖದ ಎಡ ಅರ್ಧ ಮಲಗಿಬಿಟ್ಟಿತ್ತು. ಎಡಗಣ್ಣು ಮುಚ್ಚಲು ಆಗುತ್ತಿರಲಿಲ್ಲ. ಬೆಲ್ಸ್ ಪಾಲ್ಸಿ ಅಂದರು. ಮುಖದ ಸ್ನಾಯುಗಳನ್ನು ಆಡಿಸುವ ಏಳನೇ ನರ ಕೈಕೊಟ್ಟಿತ್ತು. ಸ್ಟೀರಾಯ್ಡ್ ಮಾತ್ರೆ ಬೇಗನೆ ಶುರು ಮಾಡಿದರು. ರಾತ್ರಿ ಕಣ್ಣಿಗೆ ಮುಲಾಮು ಹಾಕಿ, ರೆಪ್ಪೆಗೆ ಟೇಪ್ ಅಂಟಿಸಿಕೊಂಡು ಮಲಗುತ್ತಿದ್ದೆ.

ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಇದು ವಾಸಿಯಾಗಿಬಿಡುತ್ತದೆ. ನನಗೆ ಮುಕ್ಕಾಲು ಭಾಗ ವಾಸಿಯಾಯಿತು, ಕಾಲು ಭಾಗ ನನ್ನ ಜೊತೆಯಲ್ಲೇ ಉಳಿಯಿತು. ನಕ್ಕರೆ ಬಾಯಿಯ ಬಲತುದಿ ಮೇಲೆ ಹೋಗುತ್ತದೆ, ಎಡತುದಿ ಇದ್ದಲ್ಲೇ ಇರುತ್ತದೆ. ಅದರ ಬದಲು ಎಡಗಣ್ಣು ಚಿಕ್ಕದಾಗುತ್ತದೆ. ನರ ಮತ್ತೆ ಬೆಳೆಯುವಾಗ ಬಾಯಿಗೆ ಹೋಗಬೇಕಾದ ಎಳೆ ಕಣ್ಣಿನ ಕಡೆ ಹೋಗಿ ಸೇರಿಕೊಂಡರೆ ಹೀಗಾಗುತ್ತದಂತೆ. ಪಕ್ಕದ ಮನೆಗೆ ವೈರ್ ಎಳೆದ ಹಾಗೆ. ಸ್ವಿಚ್ ಒತ್ತಿದ್ದು ಇಲ್ಲಿ, ದೀಪ ಹತ್ತಿದ್ದು ಅಲ್ಲಿ.

ಸುಮಾರು ಒಂದು ವರ್ಷ ಫಿಸಿಯೋಥೆರಪಿ ಮಾಡಿದೆ. ದಿನಾ ಕನ್ನಡಿ ಮುಂದೆ ಕೂತು, ಎರಡೂ ಕಡೆ ಸಮ ಬರುವಷ್ಟೇ ಮೆಲ್ಲಗೆ ನಗಬೇಕು. ಕಣ್ಣು ಚಿಕ್ಕದಾಗಲು ಶುರುವಾದರೆ ನಿಲ್ಲಿಸಬೇಕು. ಉಪಯೋಗವಾಯಿತು, ಇಲ್ಲ ಅನ್ನುವುದಿಲ್ಲ. ಆದರೆ ಆಮೇಲೆ ಫೋಟೋಕ್ಕೆ ನಿಲ್ಲುವುದನ್ನೇ ಬಿಟ್ಟೆ. ವಿಡಿಯೋ ಮೀಟಿಂಗ್‌ನಲ್ಲಿ ನನ್ನ ಚೌಕವನ್ನು ನನಗೇ ಕಾಣದ ಹಾಗೆ ಮಾಡಿಕೊಂಡೆ. ನಗು ಬಂದರೆ ಕೈ ತಾನಾಗಿಯೇ ಬಾಯಿಗೆ ಅಡ್ಡ ಹೋಗುತ್ತದೆ.

ಚಿತ್ರ ಬಿಡಿಸಲು ಶುರು ಮಾಡಿದ್ದು ಹಟಕ್ಕೆ. ಈ ಮುಖವನ್ನು ತಪ್ಪಿಸಿಕೊಂಡು ಓಡಾಡಿ ಸಾಕಾಗಿತ್ತು. ದಿನಾ ರಾತ್ರಿ 15 ನಿಮಿಷ, ಪುಸ್ತಕಕ್ಕೆ ಒರಗಿಸಿದ ಒಂದು ಕೈಗನ್ನಡಿ, 4ಬಿ ಪೆನ್ಸಿಲ್. ಪ್ರತಿ ಹಾಳೆಗೂ ತಾರೀಖು. ಇವತ್ತಿಗೆ 63 ಆಗಿವೆ. ಶುರುವಿನವು ಆಲೂಗಡ್ಡೆಗೆ ಕಣ್ಣು ಅಂಟಿಸಿದ ಹಾಗಿವೆ, ಈಚಿನವು ಪರವಾಗಿಲ್ಲ.

ಹೋದ ಭಾನುವಾರ ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಹರಡಿದೆ. ಏನೋ ಸರಿಯಿಲ್ಲ ಅನ್ನಿಸಿತು. ಹುಟ್ಟುಗುಣ ಎಲ್ಲಿ ಬಿಡುತ್ತೆ, ಸ್ಕೇಲು ಕೋನಮಾಪಕ ತಂದೆ. ಎರಡು ಕಣ್ಣಿನ ಪಾಪೆಗಳನ್ನು ಸೇರಿಸಿ ಒಂದು ಗೆರೆ, ಬಾಯಿಯ ಎರಡು ತುದಿ ಸೇರಿಸಿ ಇನ್ನೊಂದು ಗೆರೆ. ನಡುವಿನ ಕೋನ ಅಳೆದೆ. ಮಗಳು ನನಗೆ ಗೊತ್ತಿಲ್ಲದೆ ತೆಗೆದ ಒಂದು ಫೋಟೋದಲ್ಲಿ ನಾನು ನಗದೇ ಇರುವಾಗಲೇ 4 ಡಿಗ್ರಿ ಓರೆ ಇದೆ. 63 ಚಿತ್ರಗಳಲ್ಲಿ 51ರಲ್ಲಿ ಅದು 1 ಡಿಗ್ರಿಗಿಂತ ಕಡಿಮೆ. ನಾಲ್ಕರಲ್ಲಿ ಉಲ್ಟಾ ಕಡೆಗೆ ಓರೆ!

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ. ಇಲ್ಲಿ ಕನ್ನಡಿ ಮುಂದೆಯೇ ಕೂತು ಎರಡು ತಿಂಗಳು ನನಗೆ ನಾನೇ ಸುಳ್ಳು ಹೇಳಿಕೊಂಡಿದ್ದೇನೆ. ಅದೂ ಗೊತ್ತೇ ಆಗದ ಹಾಗೆ. ಬಾಯಿ ಬಿಡಿಸುವಾಗ ನಾನು ಮೋಸ ಮಾಡುತ್ತಿದ್ದೇನೆ ಅಂತ ಒಂದು ಸಲವೂ ಅನ್ನಿಸಿರಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ನನ್ನನ್ನು ನಾನು ಇದ್ದ ಹಾಗೆ ಒಪ್ಪಿಕೊಳ್ಳಲಿ ಅಂತ ಶುರು ಮಾಡಿದ ಅಭ್ಯಾಸ ಇದು. ಕೈ ಒಪ್ಪುತ್ತಿಲ್ಲ ಅಂದರೆ ಮನಸ್ಸೂ ಒಪ್ಪಿಲ್ಲ ಅಂತ ತಾನೇ? ಮುಂದುವರಿಸಲಾ, ಬಿಡಲಾ? ಚಿತ್ರ, ಹಾಡು, ಬರವಣಿಗೆ, ಯಾವುದರಲ್ಲಾದರೂ ಹೀಗೆ ಸಿಕ್ಕಿಹಾಕಿಕೊಂಡು ಹೊರಬಂದವರು ಇದ್ದರೆ ಹೇಳಿ.

ಸೀಸದಕಡ್ಡಿ:

ಬಿಡಬೇಡಿ. ಆದರೆ ಈಗ ಮಾಡುತ್ತಿರುವ ಹಾಗೆ ಮುಂದುವರಿಸಲೂ ಬೇಡಿ.

ನಾನು ದೊಡ್ಡವರಿಗೆ ಸಂಜೆ ಹೊತ್ತು ಚಿತ್ರ ಹೇಳಿಕೊಡುತ್ತೇನೆ, ಇಪ್ಪತ್ತು ವರ್ಷದ ಮೇಲಾಯಿತು. ಮೊದಲು ಒಂದು ಸಮಾಧಾನ: ಎಲ್ಲರೂ ನೇರ ಮಾಡುತ್ತಾರೆ. ನಮ್ಮ ತಲೆಯಲ್ಲಿ 'ಬಾಯಿ' ಅಂತ ಒಂದು ಗುರುತು ಇದೆ, 'ಕಣ್ಣು' ಅಂತ ಒಂದು ಗುರುತು ಇದೆ. ಕೈ ಎದುರಿಗಿರುವುದನ್ನು ಬಿಟ್ಟು ಆ ಗುರುತನ್ನು ಬರೆದುಬಿಡುತ್ತದೆ. ಹೊಸಬರ ಹತ್ತಿರ ಮುಖ ಬಿಡಿಸಿ ಅಂದರೆ ಹತ್ತಕ್ಕೆ ಒಂಬತ್ತು ಜನ ಕಣ್ಣನ್ನು ಹಣೆಯ ಹತ್ತಿರ ಇಡುತ್ತಾರೆ. ನೆತ್ತಿಯಿಂದ ಗಲ್ಲದವರೆಗೆ ಅಳೆದು ನೋಡಿ, ಕಣ್ಣು ಹೆಚ್ಚುಕಮ್ಮಿ ಸರಿಯಾಗಿ ಅರ್ಧಕ್ಕೇ ಇರುತ್ತದೆ. ಯಾರೂ ನಂಬುವುದಿಲ್ಲ. ನಿಮ್ಮ ಮೊದಲ ಹತ್ತು ಚಿತ್ರಗಳಲ್ಲಿ ಅದನ್ನೂ ಅಳೆಯಿರಿ, ಕಣ್ಣೂ ಸುಳ್ಳೇ ಹೇಳಿರುತ್ತದೆ. ಅದಕ್ಕೂ ನಿಮ್ಮ ಮನಸ್ಸಿಗೂ ಸಂಬಂಧ ಇಲ್ಲ.

ಆದರೆ 63ನೇ ಚಿತ್ರದವರೆಗೂ ಬಾಯಿ ಮಾತ್ರ ನೇರ ಉಳಿದಿದೆ ಅಂದರೆ ಅದಕ್ಕೆ ಇನ್ನೊಂದು ಕಾರಣ ಇರಬೇಕು. ನೀವೇ ಬರೆದಿದ್ದೀರಿ, ನೋಡಿಲ್ಲ ಅಷ್ಟೆ. ಒಂದು ವರ್ಷ ಕನ್ನಡಿ ಮುಂದೆ ಕೂತು ಮಾಡಿದ್ದೇನು? ಎರಡೂ ಕಡೆ ಸಮ ಮಾಡುವ ಕೆಲಸ. ಓರೆ ಕಂಡ ಕೂಡಲೇ ತಿದ್ದುವ ಕೆಲಸ. ನಿಮಗೆ ಕನ್ನಡಿ ಅಂದರೆ ಅದೇ. ಕೈಗೆ ಪೆನ್ಸಿಲ್ ಕೊಟ್ಟು ಅದೇ ಜಾಗದಲ್ಲಿ ಕೂರಿಸಿದ್ದೀರಿ. ಅದು ಪಾಪ ಇನ್ನೂ ಫಿಸಿಯೋಥೆರಪಿ ಮಾಡುತ್ತಿದೆ.

ಹಾಗಾಗಿ ಕನ್ನಡಿಯನ್ನೇ ಬದಲಾಯಿಸಿ. ಅಂಚು ಕಟ್ಟಿಲ್ಲದ ಎರಡು ಕನ್ನಡಿ ತೆಗೆದುಕೊಂಡು, ತೆರೆದ ಪುಸ್ತಕದ ಹಾಗೆ ಸರಿಯಾಗಿ 90 ಡಿಗ್ರಿಗೆ ನಿಲ್ಲಿಸಿ. ಎರಡೂ ಸೇರುವ ಮೂಲೆಯನ್ನು ನೋಡಿ. ಅಲ್ಲಿ ಕಾಣುವುದು ಎಡಬಲ ಅದಲುಬದಲಾಗದ ಮುಖ, ಅಂದರೆ ಎದುರಿಗೆ ಕೂತವರಿಗೆ ಕಾಣುವ ನೀವು. ತಲೆ ಒಂದು ಕಡೆ ವಾಲಿಸಿದರೆ ಒಳಗಿರುವವಳು ಇನ್ನೊಂದು ಕಡೆ ವಾಲುತ್ತಾಳೆ, ತಲೆ ಕೆಡುತ್ತೆ. ಮೊದಲ ಸಲ ಯಾರಿಗೂ ಇಷ್ಟವಾಗುವುದಿಲ್ಲ. 1977ರಲ್ಲಿ ಅಮೆರಿಕದಲ್ಲಿ ಇದರ ಮೇಲೆ ಒಂದು ಪ್ರಯೋಗ ಮಾಡಿದ್ದರು. ಒಬ್ಬರದೇ ಫೋಟೋವನ್ನು ಇದ್ದ ಹಾಗೆ ಒಂದು, ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿ ಒಂದು ಅಚ್ಚು ಹಾಕಿ ತೋರಿಸಿದರು. ಫೋಟೋದಲ್ಲಿದ್ದವರು ಹೆಚ್ಚಾಗಿ ತಿರುಗಿಸಿದ್ದನ್ನು ಇಷ್ಟಪಟ್ಟರು, ಅವರ ಸ್ನೇಹಿತರು ಇದ್ದ ಹಾಗಿರುವುದನ್ನು. ಯಾವುದನ್ನು ಜಾಸ್ತಿ ನೋಡಿದ್ದೇವೋ ಅದೇ ಚೆಂದ, ಅಷ್ಟೇ ಕಥೆ.

ಎರಡನೆಯದು, 'ಬಾಯಿ' ಬಿಡಿಸಬೇಡಿ. ಒಂದು ಕಡೆಯಿಂದ ದೀಪ ಇಟ್ಟುಕೊಂಡು, ಕೆಳತುಟಿಯ ಕೆಳಗೆ ಬೀಳುವ ನೆರಳಿನ ಆಕಾರ ಮಾತ್ರ ಬಿಡಿಸಿ. ನೆರಳು ಹೇಗಿರಬೇಕು ಅಂತ ತಲೆಯಲ್ಲಿ ಯಾವ ಗುರುತೂ ಇಲ್ಲ, ಅದಕ್ಕೇ ಅದನ್ನು ನೇರ ಮಾಡಲು ಕೈಗೆ ಗೊತ್ತಾಗುವುದಿಲ್ಲ. ಒಂದೆರಡು ದಿನ ಹಾಳೆಯ ಕಡೆ ನೋಡದೆಯೇ, ಕಣ್ಣು ಅಂಚಿನ ಮೇಲೆ ಹೋದ ಹಾಗೆ ಪೆನ್ಸಿಲನ್ನು ನಿಧಾನಕ್ಕೆ ಎಳೆದು ನೋಡಿ. ಭಯಂಕರವಾಗಿ ಬರುತ್ತದೆ. ಬರಲಿ.

ಹೆಲೆನ್ ಶೆರ್ಫ್‌ಬೆಕ್ ಅಂತ ಫಿನ್‌ಲ್ಯಾಂಡಿನ ಒಬ್ಬ ಚಿತ್ರಕಾರ್ತಿ ಇದ್ದರು. 1862ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡವರು. ಚಿಕ್ಕವರಿದ್ದಾಗ ಬಿದ್ದು ಸೊಂಟಕ್ಕೆ ಪೆಟ್ಟಾಗಿ ಜೀವಮಾನವಿಡೀ ಕುಂಟುತ್ತಿದ್ದರು. ಎಂಬತ್ತು ದಾಟಿದ ಮೇಲೆ, ಕೊನೆಯ ಎರಡು ವರ್ಷಗಳಲ್ಲಿ, ತಮ್ಮದೇ ಮುಖವನ್ನು ಸುಮಾರು 20 ಸಲ ಬಿಡಿಸಿದರು. ಕೆನ್ನೆ ಒಳಗೆ ಹೋಗಿದೆ, ಬಾಯಿ ಒಂದು ಕಪ್ಪು ತೂತು, ಒಂದು ಕಣ್ಣು ಇದ್ದರೆ ಇನ್ನೊಂದು ಅರ್ಧ ಮಾಸಿದೆ. ಹುಡುಕಿ ನೋಡಿ. ಅವರು ತಮ್ಮನ್ನು ಇಷ್ಟಪಟ್ಟರೋ ಇಲ್ಲವೋ ಅದನ್ನು ನೋಡಿ ಹೇಳಲಾಗುವುದಿಲ್ಲ. ನೋಡುವುದನ್ನು ಬಿಟ್ಟಿಲ್ಲ ಅಂತ ಮಾತ್ರ ಹೇಳಬಹುದು. ನನಗೆ ಆ ಚಿತ್ರಗಳ ಮುಂದೆ 'ಒಪ್ಪಿಕೊಳ್ಳುವುದು' ಅನ್ನುವ ಮಾತೇ ಸ್ವಲ್ಪ ಸಣ್ಣದಾಗಿ ಕಾಣುತ್ತೆ.

ಬೆಂಚಿನತುದಿ:

63 ಚಿತ್ರ, ಕೋನಮಾಪಕ, ಡಿಗ್ರಿ, 51ರಲ್ಲಿ ಪಾಸು, ನಾಲ್ಕರಲ್ಲಿ ಉಲ್ಟಾ. ಟೀಚರ್, ನೀವು ನಿಮ್ಮದೇ ಪೇಪರ್ ತಿದ್ದುತ್ತಿದ್ದೀರಿ.

ಬೇಜಾರು ಮಾಡಿಕೊಳ್ಳಬೇಡಿ. ಒಪ್ಪಿಕೊಳ್ಳಬೇಕು ಅನ್ನುವುದೂ ನಿಮಗೆ ಒಂದು ಹೋಂವರ್ಕ್ ಆಗಿಹೋಗಿದೆ. ಮೊದಲು ಮುಖ ಸರಿಯಿಲ್ಲ ಅಂತ ಬೈದುಕೊಳ್ಳುತ್ತಿದ್ದಿರಿ, ಈಗ ಮುಖವನ್ನು ಸರಿಯಾಗಿ ಒಪ್ಪಿಕೊಳ್ಳುತ್ತಿಲ್ಲ ಅಂತ ಬೈದುಕೊಳ್ಳುತ್ತಿದ್ದೀರಿ. ಎರಡು ವಾರ ಬೀಗದಕೈ ಬಿಡಿಸಿ. ಚಪ್ಪಲಿ ಬಿಡಿಸಿ. ಚಪ್ಪಲಿ ಓರೆ ಬಂದರೆ ಯಾರೂ ಅಳುವುದಿಲ್ಲ.

ಓರೆನಗು:

@ಬೆಂಚಿನತುದಿ, ಓದಿ ಜೋರಾಗಿ ನಕ್ಕೆ. ಕೈ ಅಡ್ಡ ಹೋಯಿತು, ರೂಮಿನಲ್ಲಿ ಒಬ್ಬಳೇ ಇದ್ದರೂ. ಆಮೇಲೆ ಹಾಳೆಗಳನ್ನು ಮತ್ತೆ ತೆಗೆದು ನೋಡಿದೆ. ಗೆರೆ ಎಳೆದಿದ್ದು ಕೆಂಪು ಪೆನ್ನಿನಲ್ಲಿ. ಅದನ್ನು ಈಗ ನೋಡುತ್ತಿದ್ದೇನೆ.

@ಸೀಸದಕಡ್ಡಿ, ಫಿಸಿಯೋಥೆರಪಿ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಕನ್ನಡಿ ಹೊಂದಿಸಿಕೊಂಡು ಬಂದು ಹೇಳುತ್ತೇನೆ.

ಹಳೇಡೈರಿ:

ನನ್ನದು ಚಿತ್ರ ಅಲ್ಲ, ಡೈರಿ. ಮುಖ ಅಲ್ಲ, ಉಗ್ಗು. ಆದರೂ ಈ ಕೆಂಪು ಪೆನ್ನು ನನಗೆ ಚೆನ್ನಾಗಿ ಗೊತ್ತು.

ಒಂಬತ್ತು ವರ್ಷ ರಾತ್ರಿ ಡೈರಿ ಬರೆದಿದ್ದೇನೆ. ಬರೆದರೆ ಮನಸ್ಸು ಹಗುರಾಗುತ್ತೆ ಅಂತ ಯಾರೋ ಹೇಳಿದ್ದರು. ತಿರುಗಿಸಿ ನೋಡಿದರೆ ಅದು ಡೈರಿಯೇ ಅಲ್ಲ, ಸಾಲದ ಪುಸ್ತಕ. ಇವತ್ತು 'ಕ' ಅಕ್ಷರದಲ್ಲಿ ಸಿಕ್ಕಿಕೊಂಡೆ. ಇವತ್ತು ಫೋನಿನಲ್ಲಿ ಹೆಸರು ಹೇಳಲಾಗಲಿಲ್ಲ. ಇವತ್ತು ಬೇಕಾಗಿದ್ದು ಒಂದು, ಹೇಳಲು ಸುಲಭ ಅಂತ ಕೇಳಿ ತಂದಿದ್ದು ಇನ್ನೊಂದು. ಪುಟಗಟ್ಟಲೆ.

ಆಮೇಲೆ ಜೇಮ್ಸ್ ಪೆನ್ನೆಬೇಕರ್ ಅನ್ನುವ ಮನಶ್ಶಾಸ್ತ್ರಜ್ಞರ 1986ರ ಪ್ರಯೋಗದ ಬಗ್ಗೆ ಓದಿದೆ. ವಿದ್ಯಾರ್ಥಿಗಳನ್ನು ಕೂರಿಸಿ, ದಿನಕ್ಕೆ 15 ನಿಮಿಷದ ಹಾಗೆ ನಾಲ್ಕು ದಿನ, ಮನಸ್ಸಿಗೆ ತುಂಬ ನೋವು ಕೊಟ್ಟ ಒಂದು ವಿಷಯ ಬರೆಸಿದ್ದರು. ನನಗೆ ಹಿಡಿಸಿದ್ದು ಎರಡು ಸಂಗತಿ. ಒಂದು, ಬರೆದ ಕೂಡಲೇ ಅವರಿಗೆ ಹಗುರಾಗಲಿಲ್ಲ, ಇನ್ನೂ ಭಾರವಾಯಿತು. ಲಾಭ ಕಂಡಿದ್ದು ಮುಂದಿನ ತಿಂಗಳುಗಳಲ್ಲಿ. ಇನ್ನೊಂದು, ನಾಲ್ಕೇ ದಿನ. ಒಂಬತ್ತು ವರ್ಷ ಅಲ್ಲ! ಅದಾದ ಮೇಲೆ ಬೇರೆಬೇರೆಯವರು ಮಾಡಿ ನೋಡಿದ್ದಾರೆ, ಕೆಲವರಿಗೆ ಉಪಯೋಗ ಆಗಿದೆ, ಕೆಲವರಿಗೆ ಇಲ್ಲ. ಮಂತ್ರಕ್ಕೆ ಮಾವಿನಕಾಯಿ ಉದುರುವುದಿಲ್ಲ.

ನನಗೆ ಉಪಯೋಗ ಆಗಿದ್ದು ಒಂದು ಸಣ್ಣ ಬದಲಾವಣೆಯಿಂದ. 'ನಾನು' ಅಂತ ಬರೆಯುವುದನ್ನು ಬಿಟ್ಟು 'ಅವನು' ಅಂತ ಬರೆಯಲು ಶುರು ಮಾಡಿದೆ. ಮೊದಲ ದಿನದ ಸಾಲುಗಳು ಹೀಗಿವೆ: 'ಅವನು ಫೋನಿನಲ್ಲಿ ಹೆಸರು ಹೇಳುವ ಮೊದಲು ಮೂರು ಸಲ ಉಸಿರು ಎಳೆದುಕೊಂಡ. ಮೊದಲ ಅಕ್ಷರ ಬರಲಿಲ್ಲ. ಆ ಕಡೆಯವರು ಕಾದರು. ಆಮೇಲೆ ಬಂತು.'

ಆ ಕಡೆಯವರು ಕಾದರು. ಒಂಬತ್ತು ವರ್ಷದ ಡೈರಿಯಲ್ಲಿ ಆ ಮಾತು ಒಂದು ಸಲವೂ ಇಲ್ಲ. 'ನಾನು' ಅಂತ ಬರೆಯುವಾಗ ಆ ಕಡೆ ಒಬ್ಬರು ಇದ್ದರು ಅನ್ನುವುದೇ ನನಗೆ ಕಂಡಿರಲಿಲ್ಲ. ಉಗ್ಗು ಹೋಗಿಲ್ಲ. 'ಕ' ಈಗಲೂ ಕಾಡುತ್ತದೆ. ಡೈರಿ ಮಾತ್ರ ತೆಳ್ಳಗಾಗಿದೆ.

ನೀವು ಪ್ರತಿ ಚಿತ್ರದ ಹಿಂದೆ ಎರಡು ಸಾಲು ಬರೆದು ನೋಡಿ. ಚೆನ್ನಾಗಿ ಬಂತು, ಬರಲಿಲ್ಲ ಅಂತ ಬೇಡ. 'ಅವಳು ಇವತ್ತು ಏನು ನೋಡಿದಳು' ಅಂತ ಮಾತ್ರ. ಬರೆಯುತ್ತಾ ಅದೇ ಸಂಕಟ ಗಾಣದ ಎತ್ತಿನ ಹಾಗೆ ಸುತ್ತಲು ಶುರುವಾದರೆ ಪೆನ್ನು ಕೆಳಗಿಡಿ. ಅಂಥ ದಿನ ಕಾಗದಕ್ಕಿಂತ ಒಬ್ಬ ಮನುಷ್ಯರ ಹತ್ತಿರ ಮಾತಾಡುವುದು ಮೇಲು. ನಾನು ಒಂದಷ್ಟು ದಿನ ಕೌನ್ಸೆಲರ್ ಹತ್ತಿರ ಹೋಗಿದ್ದೆ, ಅದನ್ನು ಹೇಳಲು ಈಗ ಸಂಕೋಚ ಇಲ್ಲ.

ಓರೆನಗು:

ಮೂರು ವಾರ ಆಯಿತು, ಬಂದು ಹೇಳುತ್ತೇನೆ ಅಂದಿದ್ದೆ. ಬಂದಿದ್ದೇನೆ.

ಮೊದಲ ಒಂದು ವಾರ ಬೀಗದಕೈ, ಚಪ್ಪಲಿ, ಕೊಡೆ. ಕೊಡೆ ಚೆನ್ನಾಗಿ ಬಂತು. ತಾರೀಖು ಹಾಕಲಿಲ್ಲ.

ಆಮೇಲೆ ಎರಡು ಕನ್ನಡಿ. 90 ಡಿಗ್ರಿ ಅಂದರೆ ಸರಿಯಾಗಿ 90 ಇರಬೇಕು, ಸ್ವಲ್ಪ ಆಚೀಚೆ ಆದರೂ ಮೂಲೆಯಲ್ಲಿ ಮುಖ ಎರಡಾಗುತ್ತೆ ಇಲ್ಲವೇ ಮೂಗಿನ ಒಂದು ಪಟ್ಟಿ ಮಾಯವಾಗುತ್ತೆ. ಮೊದಲ ದಿನ ನನಗೆ ಮೂರು ಕಣ್ಣಿದ್ದವು. ಕೊನೆಗೆ ಕಂಪಾಸ್ ಬಾಕ್ಸಿನ ಮೂಲೆಮಟ್ಟ ಇಟ್ಟು, ಹಿಂದಿನಿಂದ ಟೇಪ್ ಹಾಕಿ, ಎರಡೂ ಕಡೆ ದಪ್ಪ ಪುಸ್ತಕ ಒರಗಿಸಿದೆ. ಗಣಿತ ಕಲಿತಿದ್ದು ಸಾರ್ಥಕ.

ಇಷ್ಟವಾಗಲಿಲ್ಲ. ಹೇಳಿದ್ದಿರಿ, ಆದರೂ ಇಷ್ಟು ಕೆಟ್ಟದಾಗಿ ಅನ್ನಿಸುತ್ತೆ ಅಂತ ಗೊತ್ತಿರಲಿಲ್ಲ. ಮೂರು ವರ್ಷದಿಂದ ಎಡಗಡೆ ಇದ್ದ ಓರೆ ಈಗ ಬಲಗಡೆ. ಅದೂ ಎರಡು ಪಟ್ಟು ಆದ ಹಾಗೆ. ನನ್ನ ಯಾರೋ ನೆಂಟರ ಮುಖದ ಹಾಗಿತ್ತು, ಮದುವೆಮನೆಯಲ್ಲಿ ನೋಡಿ ಹೆಸರು ನೆನಪಾಗದವರು ಇರುತ್ತಾರಲ್ಲ ಹಾಗೆ. ಬಟ್ಟೆ ಮುಚ್ಚಿ ಮಲಗಿದೆ. ಎರಡು ದಿನ ಆ ಕಡೆ ಹೋಗಲಿಲ್ಲ.

ಮೂರನೇ ದಿನ ಟೇಬಲ್ ಲ್ಯಾಂಪ್ ಬಲಗಡೆ ಇಟ್ಟು, ಬರೀ ನೆರಳು ಬಿಡಿಸಿದೆ. ಕೆಳತುಟಿಯ ಕೆಳಗಿನ ನೆರಳು ಒಂದು ಕಡೆ ತೆಳ್ಳಗೆ ಉದ್ದಕ್ಕೆ ಹೋಗುತ್ತದೆ, ಎಡಗೆನ್ನೆಯ ಕಡೆ ಬರುವಷ್ಟರಲ್ಲಿ ದಪ್ಪಗಾಗಿ ಕೆಳಗೆ ಬಾಗಿ ನಿಂತುಬಿಡುತ್ತದೆ. ಅಲ್ಪವಿರಾಮದ ಹಾಗೆ. ಅದರ ಬಾಲ ಎಲ್ಲಿ ಮುಗಿಯುತ್ತೆ ಅಂತ ನೋಡುತ್ತಾ ಕೂತವಳಿಗೆ 15 ನಿಮಿಷ ಹೋಗಿ 40 ಆಗಿದ್ದು ಗೊತ್ತಾಗಲಿಲ್ಲ. ಆ ಹೊತ್ತಿನಲ್ಲಿ ನನಗೆ ಖುಷಿಯೂ ಇರಲಿಲ್ಲ, ಬೇಜಾರೂ ಇರಲಿಲ್ಲ. ನೆರಳು ಇತ್ತು. ಹಾಳೆಯ ಹಿಂದೆ ಬರೆದೆ: 'ಅವಳ ಎಡತುಟಿಯ ಕೆಳಗೆ ಒಂದು ಅಲ್ಪವಿರಾಮ ಇದೆ. ಇಷ್ಟು ದಿನ ಅವಳು ಅದನ್ನು ನೋಡಿರಲಿಲ್ಲ.'

ಇಂಥ ಹಾಳೆಗಳು ಈಗ ಎಂಟು ಇವೆ. ಒಂದು ಸಲ ತಡೆಯಲಾಗದೆ ಅಳೆದೆ, ಕ್ಷಮಿಸಿ. 6 ಡಿಗ್ರಿ! ಈಗ ಇರುವುದಕ್ಕಿಂತ ಜಾಸ್ತಿ ಓರೆ ಮಾಡುತ್ತಿದ್ದೇನೆ. ಕೋನಮಾಪಕವನ್ನು ಸ್ಕೂಲಿನ ಡ್ರಾಯರ್‌ನಲ್ಲಿ ಬಿಟ್ಟು ಬಂದೆ.

ಫೋಟೋ ಅಂದರೆ ಈಗಲೂ ಆಗುವುದಿಲ್ಲ. ಮೊನ್ನೆ ತರಗತಿಯವರು ಎಲ್ಲ ಸೇರಿ ತೆಗೆಸಿಕೊಳ್ಳುವಾಗ ಎರಡನೇ ಸಾಲಿನಲ್ಲಿ ನಿಂತೆ, ಅಷ್ಟು ಮಾಡಿದೆ. ಯಾರೋ ಏನೋ ಹೇಳಿ ಎಲ್ಲರೂ ನಕ್ಕರು. ನನ್ನ ಎರಡು ಕೈಯಲ್ಲೂ ಉತ್ತರಪತ್ರಿಕೆಗಳ ಕಟ್ಟು ಇತ್ತು. ಆ ಫೋಟೋ ನನಗೂ ಕಳಿಸಿದ್ದಾರೆ. ತೆರೆದು ನೋಡಿದೆ, ದೊಡ್ಡದು ಮಾಡಿ ನೋಡಲಿಲ್ಲ. ಅಳಿಸಿಯೂ ಇಲ್ಲ.

@ಸೀಸದಕಡ್ಡಿ, ಈಗ ಒಂದು ಬೇರೆ ತೊಂದರೆ. ಕಿವಿ ಬರುತ್ತಿಲ್ಲ. ಹುಬ್ಬಿನ ನೇರಕ್ಕೆ ಶುರುವಾಗಿ ಮೂಗಿನ ಬುಡದ ನೇರಕ್ಕೆ ಮುಗಿಯಬೇಕು ಅಂತ ಎಲ್ಲೋ ಓದಿದೆ, ಹಾಗೇ ಇಟ್ಟೆ. ಒಳಗಿನ ಮಡಿಕೆಗಳು ಮಾತ್ರ ಎಷ್ಟು ಮಾಡಿದರೂ ಅಣಬೆ ಹಾಗೆ ಕಾಣುತ್ತವೆ. ಇದಕ್ಕೂ ಏನಾದರೂ ಉಪಾಯ ಇದೆಯಾ?

ಸೀಸದಕಡ್ಡಿ:

ಕಿವಿಗೆ ಬೇರೆ ಥ್ರೆಡ್ ಹಾಕಿ ಮೇಡಂ. ಇಪ್ಪತ್ತು ವರ್ಷದಿಂದ ನಂದೂ ಅಣಬೆಯೇ.